ಅರಿಶಿನ-ಕುಂಕುಮ ಬಣ್ಣದ ಪೆಟ್ಟಿಗೆ: ‘ಬೂಲ್ ಕೆಲಸ’ ಅಂದ್ರೆ ಏನು?

ಲಂಡನ್‌ನಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಹೋದ ತಿಂಗಳು ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದಳು. ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ಕೊಂಡ ಪೆಟ್ಟಿಗೆ. ನಮ್ಮ ಕಡೆಯ ಬಳೆ ಪೆಟ್ಟಿಗೆಯಷ್ಟು ಉದ್ದ, ಮುಚ್ಚಳ ಸ್ವಲ್ಪ ಉಬ್ಬು. ಮೈಯೆಲ್ಲಾ ಕಡುಗೆಂಪು, ಅದರ ತುಂಬಾ ಹಿತ್ತಾಳೆಯ ಬಳ್ಳಿ. ಕೆಳಗೆ ಎರಡು ಪ್ರಶ್ನೆ ಇದ್ದವು: ‘ಅಕ್ಕಾ, ಅಮ್ಮನಿಗೆ ಅಂತ ತಗೊಂಡೆ. ಊರಿಗೆ ಬರುವಾಗ ಸೂಟ್‌ಕೇಸಲ್ಲಿ ಹಾಕ್ಕೊಂಡು ಬರ್ಲಾ? ಮೂಲೇಲಿ ಹಿತ್ತಾಳೆ ಸ್ವಲ್ಪ ಎದ್ದಿದೆ, ಫೆವಿಕ್ವಿಕ್ ಹಾಕಿದ್ರೆ ಆಗುತ್ತಾ?’

ಎರಡಕ್ಕೂ ಒಂದೇ ಉತ್ತರ: ಬೇಡ. ಆದರೆ ಯಾಕೆ ಬೇಡ ಅಂತ ಹೇಳಲು ಹೊರಟರೆ ಫ್ರಾನ್ಸಿನ ರಾಜ, ಒಂದು ಕಡಲಾಮೆ, ಮಳೆಗಾಲದಲ್ಲಿ ಬಿಗಿಯುವ ಬಾಗಿಲು ಎಲ್ಲವೂ ನಡುವೆ ಬರುತ್ತವೆ. ವಿದೇಶದಲ್ಲಿರುವ ಮಕ್ಕಳು, ನೆಂಟರು ಹಳೇ ಸಾಮಾನಿನ ಅಂಗಡಿಗಳಲ್ಲಿ ಇಂಥದ್ದನ್ನು ಕೊಳ್ಳುವುದು ಈಗ ಅಪರೂಪವೇನಲ್ಲ. ಆನ್‌ಲೈನ್ ಹರಾಜಿನಲ್ಲೂ ಸಿಗುತ್ತವೆ. ಹಾಗಾಗಿ ಮೊದಲಿಂದ ನೋಡೋಣ.

## ಹೆಸರಿನಿಂದಲೇ ಶುರುವಾಗುವ ಗೊಂದಲ

ಅಂಗಡಿಯವರು ಇದನ್ನು ‘ಬೂಲ್ ಬಾಕ್ಸ್’ ಎನ್ನುತ್ತಾರೆ. ಬೂಲ್ ಎನ್ನುವುದು ಒಬ್ಬ ಮನುಷ್ಯನ ಹೆಸರು. ಪೂರ್ತಿ ಹೆಸರು ಆಂದ್ರೆ-ಶಾರ್ಲ್ ಬೂಲ್. 1642ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿ 1732ರಲ್ಲಿ ಅಲ್ಲೇ ತೀರಿಕೊಂಡ. ಹದಿನಾಲ್ಕನೇ ಲೂಯಿಯ ಆಸ್ಥಾನದ ಮರಗೆಲಸದವನು.

ಹಾಗಂತ ಪೆಟ್ಟಿಗೆ ಅವನು ಮಾಡಿದ್ದಲ್ಲ. ಮೈಸೂರು ಪಾಕನ್ನು ಹುಬ್ಬಳ್ಳಿಯಲ್ಲಿ ಮಾಡಿದರೂ ಮೈಸೂರು ಪಾಕೇ ಅಲ್ವಾ? ಹಾಗೆಯೇ ಹಿತ್ತಾಳೆ ಮತ್ತು ಆಮೆಚಿಪ್ಪನ್ನು ಒಂದರೊಳಗೊಂದು ಕೂರಿಸಿ ಮಾಡಿದ ಎಲ್ಲಾ ಕೆಲಸಕ್ಕೂ ಬೂಲ್ ಹೆಸರು ಅಂಟಿಕೊಂಡಿತು. ಇಂಗ್ಲೆಂಡಿನವರು ಅದನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು ಬರವಣಿಗೆಯಲ್ಲೂ ಬೇರೆ ಅಕ್ಷರ ಹಾಕಿ ‘ಬುಹ್ಲ್’ ಮಾಡಿದರು. ಸಂತೆಯಲ್ಲಿ, ಹರಾಜಿನಲ್ಲಿ ಸಿಗುವ ಪೆಟ್ಟಿಗೆಗಳು ಹೆಚ್ಚುಕಮ್ಮಿ ಎಲ್ಲವೂ 19ನೇ ಶತಮಾನದವು. ಬೂಲ್ ಸತ್ತು ನೂರು ವರ್ಷ ಕಳೆದ ಮೇಲಿನವು.

ಇನ್ನೂ ಒಂದು ಮಾತು. ಈ ವಿದ್ಯೆಯನ್ನು ಕಂಡುಹಿಡಿದವನೂ ಅವನಲ್ಲ. ಎರಡು ಬೇರೆ ವಸ್ತುಗಳನ್ನು ಒಟ್ಟಿಗೆ ಕೊಯ್ದು ಅದಲು ಬದಲು ಮಾಡಿ ಕೂರಿಸುವುದು ಇಟಲಿಯವರಿಗೆ ಮೊದಲೇ ಗೊತ್ತಿತ್ತು. ಬೂಲ್ ಅದನ್ನು ಎಲ್ಲಿಗೆ ಮುಟ್ಟಿಸಿದ ಅಂದರೆ, ನೋಡಿದವರಿಗೆ ಅವನ ಹೆಸರಷ್ಟೇ ನೆನಪಾಯಿತು.

## ಎರಡು ಕಾಗದ, ಒಂದು ಕತ್ತರಿ

ಶಾಲೆಯಲ್ಲಿ ರಾಜ್ಯೋತ್ಸವಕ್ಕೆ ಬಣ್ಣದ ಕಾಗದ ಕತ್ತರಿಸಿದ್ದು ನೆನಪಿದೆಯಾ? ಒಂದು ಹಳದಿ ಹಾಳೆ, ಒಂದು ಕೆಂಪು ಹಾಳೆ ತಗೊಳ್ಳಿ. ಒಂದರ ಮೇಲೊಂದು ಇಡಿ. ಮೇಲೆ ಒಂದು ಹೂವು ಬರೆದು ಎರಡನ್ನೂ ಒಟ್ಟಿಗೆ ಕತ್ತರಿಸಿ. ಈಗ ನಿಮ್ಮ ಕೈಯಲ್ಲಿ ನಾಲ್ಕು ತುಂಡು ಇವೆ. ಹಳದಿ ಹೂವು, ಹೂವಿನಾಕಾರದ ತೂತಿರುವ ಹಳದಿ ಹಾಳೆ, ಕೆಂಪು ಹೂವು, ತೂತಿರುವ ಕೆಂಪು ಹಾಳೆ.

ಹಳದಿ ಹೂವನ್ನು ಕೆಂಪು ಹಾಳೆಯ ತೂತಿನಲ್ಲಿ ಇಟ್ಟರೆ ಸರಿಯಾಗಿ ಕೂರುತ್ತದೆ. ಕೆಂಪು ಹೂವು ಹಳದಿ ಹಾಳೆಯಲ್ಲಿ ಕೂರುತ್ತದೆ. ಕೈ ಸ್ವಲ್ಪ ನಡುಗಿ ದಳ ವಕ್ರವಾಗಿದ್ದರೂ ಪರವಾಗಿಲ್ಲ, ಎರಡೂ ಒಂದೇ ರೀತಿ ವಕ್ರವಾಗಿರುತ್ತವೆ. ಒಂದು ಸಲ ಕತ್ತರಿಸಿದ್ದಕ್ಕೆ ಎರಡು ಚಿತ್ರ. ಚೂರೂ ದಂಡವಾಗಲಿಲ್ಲ.

ಬೂಲ್ ಕೆಲಸದ ಗುಟ್ಟು ಇಷ್ಟೇ. ಹಳದಿ ಕಾಗದದ ಜಾಗದಲ್ಲಿ ಹಿತ್ತಾಳೆ ತಗಡು, ಕೆಂಪು ಕಾಗದದ ಜಾಗದಲ್ಲಿ ಆಮೆಚಿಪ್ಪಿನ ಹಾಳೆ. ಕತ್ತರಿಯ ಜಾಗದಲ್ಲಿ ದಾರದಷ್ಟು ಸಣ್ಣ ಗರಗಸ.

ಮಾತಿನಲ್ಲಿ ಸುಲಭ. ಕೈಯಲ್ಲಿ ಅಷ್ಟು ಸುಲಭವಲ್ಲ. ಚಿಪ್ಪು ಸೀಳಿಹೋಗುವ ವಸ್ತು, ಹಿತ್ತಾಳೆ ಬಾಗುವ ವಸ್ತು. ಅದಕ್ಕೇ ಎರಡನ್ನೂ ತೆಳು ಮರದ ಹಾಳೆಗಳ ನಡುವೆ ಇಟ್ಟು ಕಟ್ಟು ಮಾಡುತ್ತಾರೆ, ಬ್ರೆಡ್ಡಿನ ನಡುವೆ ಪಲ್ಯ ಇಟ್ಟ ಹಾಗೆ. ಮಧ್ಯೆ ಜಿಡ್ಡು ಸವರಿದ ಕಾಗದ ಹಾಕಿದರೆ ಗರಗಸ ಸಲೀಸಾಗಿ ಓಡುತ್ತದೆ. ಮೇಲೆ ಚಿತ್ರ ಬರೆದ ಕಾಗದ ಅಂಟಿಸುತ್ತಾರೆ. ಕೆಲಸಗಾರ ಒಂದು ಮರದ ಸ್ಟ್ಯಾಂಡಿನ ಮೇಲೆ ಕುದುರೆ ಹತ್ತಿದಂತೆ ಕಾಲು ಹಾಕಿ ಕೂರುತ್ತಾನೆ. ಇಂಗ್ಲಿಷಿನವರು ಅದನ್ನು ಕರೆಯುವುದೇ ‘ಕತ್ತೆ’ ಅಂತ. ಎದುರಿಗಿರುವ ಹಿಡಿಕೆಯ ಬಾಯಲ್ಲಿ ಕಟ್ಟನ್ನು ಸಿಕ್ಕಿಸಿ, ಕಾಲಿನಿಂದ ಮೆಟ್ಟಿದರೆ ಬಾಯಿ ಬಿಗಿಯುತ್ತದೆ. ಬಲಗೈ ಗರಗಸ ಎಳೆಯುತ್ತದೆ, ಎಡಗೈ ಕಟ್ಟನ್ನು ತಿರುಗಿಸುತ್ತದೆ. ಬಳ್ಳಿಯ ಸುರುಳಿ ಬಂದಾಗ ತಿರುಗುವುದು ಗರಗಸ ಅಲ್ಲ, ಕಟ್ಟು.

ಕೊಯ್ದಾದ ಮೇಲೆ ತುಂಡುಗಳನ್ನು ಬಿಡಿಸಿ, ಅದಲು ಬದಲು ಮಾಡಿ ಜೋಡಿಸಿ, ಮರದ ಪೆಟ್ಟಿಗೆಯ ಮೇಲೆ ಸರೇಸಿನಲ್ಲಿ ಅಂಟಿಸುತ್ತಾರೆ. ಸರೇಸು ಅಂದರೆ ಪ್ರಾಣಿಗಳ ಚರ್ಮ, ಮೂಳೆ ಅಥವಾ ಮೀನಿನಿಂದ ಕಾಯಿಸಿ ತೆಗೆದ ಅಂಟು. ನಮ್ಮ ಹಳೇ ಬಡಗಿಗಳಿಗೂ ಗೊತ್ತಿದ್ದದ್ದೇ. ಕೊನೆಗೆ ಹಿತ್ತಾಳೆಯ ಮೇಲೆ ಚೂಪು ಉಳಿಯಿಂದ ಗೀರು ಹಾಕಿ ಎಲೆಗೆ ನರ, ಮುಖಕ್ಕೆ ಕಣ್ಣು, ಬಟ್ಟೆಗೆ ಮಡಿಕೆ ಕೊಡುತ್ತಾರೆ. ಆ ಗೀರುಗಳಿಗೆ ಕಪ್ಪು ತುಂಬುತ್ತಾರೆ. ತಗಡು ಇದ್ದದ್ದು ಚಿತ್ರ ಆಗುವುದು ಈ ಹಂತದಲ್ಲಿ.

ಚಿಪ್ಪಿನ ನೆಲದ ಮೇಲೆ ಹಿತ್ತಾಳೆ ಚಿತ್ರ ಇರುವುದಕ್ಕೆ ಫ್ರೆಂಚಿನಲ್ಲಿ ‘ಪ್ರೆಮಿಯೇರ್ ಪಾರ್ತೀ’, ಮೊದಲ ಭಾಗ ಅನ್ನುತ್ತಾರೆ. ಹಿತ್ತಾಳೆಯ ನೆಲದ ಮೇಲೆ ಚಿಪ್ಪಿನ ಚಿತ್ರ ಇದ್ದರೆ ಅದು ‘ಕೋಂತ್ರ ಪಾರ್ತೀ’, ಎದುರು ಭಾಗ. ಅಚ್ಚು ಮತ್ತು ಅದರ ಪಡಿಯಚ್ಚಿನ ಹಾಗೆ. ಮೊದಲಿನದಕ್ಕೆ ಬೆಲೆ ಜಾಸ್ತಿ, ಯಾಕೆಂದರೆ ಗೀರಿದ ಕೆಲಸ ಹಿತ್ತಾಳೆಯ ಚಿತ್ರದಲ್ಲೇ ಚೆನ್ನಾಗಿ ಕಾಣುವುದು. ಎರಡನೆಯದನ್ನು ಬಿಸಾಡುತ್ತಿರಲಿಲ್ಲ. ಎರಡು ಬೀರು ಮಾಡಿ, ಒಂದಕ್ಕೆ ಇದು, ಒಂದಕ್ಕೆ ಅದು ಹಾಕಿ ಜೋಡಿಯಾಗಿ ಮಾರುತ್ತಿದ್ದರು. ನನ್ನ ತಂಗಿಯ ಪೆಟ್ಟಿಗೆ ಮೊದಲ ಭಾಗ. ಅದರ ಉಲ್ಟಾ ಬಣ್ಣದ ಅವಳಿಯೂ ಒಂದು ಕಾಲಕ್ಕೆ ಇದ್ದಿರಬಹುದು.

## ನಮ್ಮ ಇನ್ಲೇ ಕೆಲಸವೂ ಇದೂ ಒಂದೇ ಅಲ್ಲ

ಮೈಸೂರಿನ ಬೀಟೆ ಮರದ ಇನ್ಲೇ ನೋಡಿದವರಿಗೆ ‘ಇದೂ ಅದೇ ತಾನೇ’ ಅನ್ನಿಸಬಹುದು. ವ್ಯತ್ಯಾಸ ಇದೆ. ಮೈಸೂರಿನಲ್ಲಿ ಬೀಟೆಯ ಹಲಗೆಯನ್ನು ಕೊರೆದು ತಗ್ಗು ಮಾಡಿ, ಆ ತಗ್ಗಿನಲ್ಲಿ ಬೇರೆ ಬಣ್ಣದ ತುಂಡನ್ನು ಕೂರಿಸುತ್ತಾರೆ. ನೆಲ ಗಟ್ಟಿ ಮರ. ಬೂಲ್ ಕೆಲಸದಲ್ಲಿ ಕೊರೆಯುವುದೇ ಇಲ್ಲ. ಚಿತ್ರ, ನೆಲ ಎರಡೂ ಸೇರಿದ ತೆಳು ಹೊದಿಕೆಯನ್ನು ಇಡಿಯಾಗಿ ಮರದ ಮೇಲೆ ಅಂಟಿಸುವುದು, ಈಗ ಪ್ಲೈವುಡ್ ಮೇಲೆ ವೆನೀರ್ ಅಂಟಿಸುವ ಹಾಗೆ. ಬೀದರಿನ ಬಿದ್ರಿಯಲ್ಲಿ ಬೆಳ್ಳಿಯನ್ನು ಲೋಹದ ಗೀರಿನೊಳಕ್ಕೆ ಬಡಿದು ಕೂರಿಸುತ್ತಾರೆ, ಅದು ಇನ್ನೂ ಬೇರೆ ದಾರಿ.

ಹೋಲಿಕೆ ಇರುವುದು ಇನ್ನೊಂದು ಕಡೆ. ಮೈಸೂರು ಅರಮನೆಯ ಅಂಬಾವಿಲಾಸಕ್ಕೆ ಹೋಗುವಾಗ ಬೀಟೆಯ ಬಾಗಿಲಿನಲ್ಲಿ ಆನೆದಂತ ಕೂರಿಸಿದ್ದು ಕಾಣುತ್ತದೆ. ಮೈಸೂರಿನ ಕಸುಬು ಒಂದು ಕಾಲಕ್ಕೆ ದಂತವನ್ನು ನಂಬಿಕೊಂಡಿತ್ತು. ನಿಷೇಧ ಬಂದ ಮೇಲೆ ಬಣ್ಣದ ಮರಕ್ಕೆ, ಪ್ಲಾಸ್ಟಿಕ್‌ಗೆ ತಿರುಗಿತು. ಬೂಲ್ ಕೆಲಸಕ್ಕೆ ಆನೆಯ ಬದಲು ಆಮೆ.

## ಆ ಕೆಂಪು ಎಲ್ಲಿಂದ ಬಂತು

ಕನ್ನಡದಲ್ಲಿ ನಾವು ಕೆರೆಯದ್ದಕ್ಕೂ ಕಡಲಿನದ್ದಕ್ಕೂ ಆಮೆ ಅಂತಲೇ ಹೇಳುತ್ತೇವೆ. ಇಲ್ಲಿ ಮುಖ್ಯವಾಗಿ ಬೇಕಾಗಿದ್ದು ಒಂದು ಜಾತಿಯ ಕಡಲಾಮೆ, ಹಾಕ್ಸ್‌ಬಿಲ್. ಗಿಡುಗನ ಕೊಕ್ಕಿನಂತೆ ಬಾಗಿದ ಮೂತಿ ಇರುವುದರಿಂದ ಆ ಹೆಸರು. ಬೆಚ್ಚಗಿನ ಸಮುದ್ರದ ಹವಳದ ದಿಬ್ಬಗಳಲ್ಲಿ ಇರುತ್ತದೆ, ಮುಖ್ಯವಾಗಿ ಸ್ಪಂಜು ತಿಂದು ಬದುಕುತ್ತದೆ. ಭಾರತದಲ್ಲಿ ಅಂಡಮಾನ್-ನಿಕೋಬಾರ್, ಲಕ್ಷದ್ವೀಪದ ಕಡೆ ಇದೆ. ನಮ್ಮ ಕಾರವಾರ, ಹೊನ್ನಾವರದ ಮರಳಿನಲ್ಲಿ ಮೊಟ್ಟೆ ಇಡಲು ಬರುವುದು ಆಲಿವ್ ರಿಡ್ಲಿ ಎಂಬ ಬೇರೆ ಆಮೆ. ಅದರ ಚಿಪ್ಪು ಈ ಕೆಲಸಕ್ಕೆ ಬರುವುದಿಲ್ಲ.

ಹಾಕ್ಸ್‌ಬಿಲ್‌ನ ಬೆನ್ನಿನ ಮೂಳೆಯ ಮೇಲೆ ಹೆಂಚು ಹೊದಿಸಿದಂತೆ, ಒಂದರ ಅಂಚಿನ ಮೇಲೆ ಇನ್ನೊಂದು ಬರುವ ದೊಡ್ಡ ಬಿಲ್ಲೆಗಳಿರುತ್ತವೆ. ನಡುವೆ 5, ಎರಡೂ ಪಕ್ಕ ನಾಲ್ಕು ನಾಲ್ಕು, ಒಟ್ಟು 13 ದೊಡ್ಡವು. ಸುತ್ತ ಅಂಚಿಗೆ ಸಣ್ಣವು ಬೇರೆ. ಬಳಸುತ್ತಿದ್ದದ್ದು ಈ ಬಿಲ್ಲೆಗಳನ್ನು, ಮೂಳೆಯನ್ನಲ್ಲ. ಉಳಿದ ಕಡಲಾಮೆಗಳ ಬಿಲ್ಲೆ ಇಷ್ಟು ದಪ್ಪ ಇರುವುದಿಲ್ಲ.

ಬಿಲ್ಲೆ ಯಾವುದರಿಂದ ಆಗಿದೆ? ನಮ್ಮ ಉಗುರು, ಕೂದಲು ಯಾವುದರಿಂದ ಆಗಿದೆಯೋ ಅದರಿಂದಲೇ, ಕೆರಾಟಿನ್ ಎಂಬ ಪ್ರೋಟೀನ್. ಬಿಸಿನೀರಿನ ಸ್ನಾನ ಆದ ಮೇಲೆ ಉಗುರು ಮೆತ್ತಗಾಗಿ ಸುಲಭವಾಗಿ ಕತ್ತರಿಸಬಹುದು ಅಲ್ವಾ? ಚಿಪ್ಪೂ ಹಾಗೆಯೇ. ಕುದಿಯುವ ಉಪ್ಪುನೀರಿನಲ್ಲಿ ಹಾಕಿದರೆ ಮೆತ್ತಗಾಗುತ್ತದೆ. ಬಾಗಿದ ಬಿಲ್ಲೆಯನ್ನು ಒತ್ತಿ ಚಪ್ಪಟೆ ಮಾಡಬಹುದು, ಅಚ್ಚಿನಲ್ಲಿ ಹಾಕಿ ಆಕಾರ ಕೊಡಬಹುದು. ಎರಡು ತುಂಡುಗಳ ಅಂಚನ್ನು ಕೆರೆದು, ಬಿಸಿ ಮಾಡಿ ಒತ್ತಿದರೆ ಅಂಟೇ ಇಲ್ಲದೆ ಬೆಸೆದುಕೊಳ್ಳುತ್ತವೆ. ಪ್ಲಾಸ್ಟಿಕ್ ಇಲ್ಲದ ಕಾಲದಲ್ಲಿ ಇಂಥ ವಸ್ತು ಬೇರೆ ಎಲ್ಲಿತ್ತು? ಬಾಚಣಿಗೆ, ಕನ್ನಡಕದ ಚೌಕಟ್ಟು, ಬೀಸಣಿಗೆ, ನಶ್ಯದ ಡಬ್ಬಿ, ಎಲ್ಲಕ್ಕೂ ಇದೇ.

ಇನ್ನು ಬಣ್ಣ. ಚಿಪ್ಪಿನ ಸ್ವಂತ ಬಣ್ಣ ಜೇನಿನ ಹಳದಿ, ಅದರಲ್ಲಿ ಕಂದು-ಕಪ್ಪು ಮಚ್ಚೆ. ಹಾಗಾದರೆ ಪೆಟ್ಟಿಗೆ ಕುಂಕುಮದಂತೆ ಕೆಂಪಗಿರುವುದು ಯಾಕೆ? ತೆಳು ಮಾಡಿದ ಚಿಪ್ಪು ಅರೆಪಾರದರ್ಶಕ, ಅಂದರೆ ಬೆಳಕು ಅದರೊಳಗೆ ಹೋಗಿ ಬರುತ್ತದೆ. ಅಂಟಿಸುವ ಮೊದಲು ಅದರ ಅಡಿಗೆ ಕೆಂಪು ಬಣ್ಣ ಬಳಿಯುತ್ತಿದ್ದರು, ಇಲ್ಲವೇ ಬಣ್ಣದ ಕಾಗದ ಇಡುತ್ತಿದ್ದರು. ಅಜ್ಜಿಯರ ಕೆಂಪುಕಲ್ಲಿನ ಓಲೆಯಲ್ಲಿ ಕಲ್ಲಿನ ಹಿಂದೆ ಹೊಳೆಯುವ ಹಾಳೆ ಇಡುತ್ತಿದ್ದರಲ್ಲ, ಅದೇ ಉಪಾಯ. ನೀವು ನೋಡುವ ಕೆಂಪು ಚಿಪ್ಪಿನದಲ್ಲ, ಚಿಪ್ಪಿನ ಕೆಳಗಿನದು. ಕಪ್ಪು ಮಚ್ಚೆಗಳು ಮಾತ್ರ ಆಮೆಯವು. ಪೆಟ್ಟಿಗೆಯನ್ನು ಕಿಟಕಿಯ ಹತ್ತಿರ ಹಿಡಿದು ಓರೆ ಮಾಡಿದರೆ ಕೆಂಪು ಆಳದಲ್ಲೆಲ್ಲೋ ಇರುವಂತೆ ಕಾಣುವುದು ಇದಕ್ಕೇ. ಪೇಂಟ್ ಬಳಿದ ಮೇಲ್ಮೈಯಲ್ಲಿ ಆ ಆಳ ಬರುವುದಿಲ್ಲ.

ಚಂದದ ಮಾತಿನ ಜೊತೆ ಇದನ್ನೂ ಹೇಳಬೇಕು. ಬಿಲ್ಲೆ ಬಿಡಿಸಲು ಚಿಪ್ಪಿಗೆ ಬಿಸಿ ತಾಗಿಸುತ್ತಿದ್ದರು, ಎಷ್ಟೋ ಸಲ ಆಮೆಗೆ ಜೀವ ಇರುವಾಗಲೇ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ 1844ರಿಂದ 1992ರ ನಡುವೆ ಚಿಪ್ಪಿಗಾಗಿ ಸತ್ತ ಹಾಕ್ಸ್‌ಬಿಲ್‌ಗಳು ಸುಮಾರು 90 ಲಕ್ಷ. ಮರಿ ಬೆಳೆದು ಮೊಟ್ಟೆ ಇಡುವಂತಾಗಲು ಹತ್ತಾರು ವರ್ಷ ಬೇಕಾದ ಪ್ರಾಣಿ ಅದು.

## ಸಾಲಗಾರ ಕುಶಲಕರ್ಮಿ

ಬೂಲ್ ಬಗ್ಗೆ ಸ್ವಲ್ಪ. 1672ರಲ್ಲಿ ರಾಜ ಅವನಿಗೆ ಲೂವ್ರ್ ಅರಮನೆಯಲ್ಲೇ ಇರಲು ಜಾಗ ಕೊಟ್ಟ. ಇದು ಬರೀ ಗೌರವ ಅಲ್ಲ, ಕೆಲಸಕ್ಕೂ ದೊಡ್ಡ ಅನುಕೂಲ. ಆಗ ಪ್ಯಾರಿಸ್‌ನಲ್ಲಿ ಒಂದೊಂದು ಕಸುಬಿಗೂ ಒಂದೊಂದು ಸಂಘ. ಮರಗೆಲಸದವನು ಕಂಚು ಎರಕ ಹೊಯ್ಯುವಂತಿಲ್ಲ, ಕಂಚಿನವನು ಮರ ಮುಟ್ಟುವಂತಿಲ್ಲ. ಲೂವ್ರ್‌ನಲ್ಲಿ ಇದ್ದವರಿಗೆ ಈ ಕಟ್ಟುಪಾಡು ಇರಲಿಲ್ಲ. ಹಾಗಾಗಿ ಬೂಲ್ ಕರಿಮರ, ಚಿಪ್ಪು, ಹಿತ್ತಾಳೆ, ಚಿನ್ನದ ನೀರು ಕೊಟ್ಟ ಕಂಚು ಎಲ್ಲವನ್ನೂ ಒಂದೇ ಸೂರಿನಡಿ ಮಾಡಿಸಿದ. ರಾಜನ ಕೊನೆಗಾಲದಲ್ಲಿ, 1708-09ರಲ್ಲಿ, ತ್ರಿಯಾನೊಂ ಅರಮನೆಗೆ ಮಾಡಿಕೊಟ್ಟ ಎರಡು ಖಾನೆಪೆಟ್ಟಿಗೆಗಳು ಇವತ್ತೂ ವರ್ಸೈನಲ್ಲಿವೆ.

ಸಂಪಾದನೆ ಚೆನ್ನಾಗಿತ್ತು, ಸಾಲವೂ ಇತ್ತು. ದೊಡ್ಡ ಚಿತ್ರಕಾರರ ರೇಖಾಚಿತ್ರ, ಅಚ್ಚುಚಿತ್ರ ಎಲ್ಲಿ ಕಂಡರೂ ಕೊಳ್ಳುವ ಚಟ. 1720ರ ಆಗಸ್ಟ್‌ನಲ್ಲಿ ಕಾರ್ಖಾನೆಗೆ ಬೆಂಕಿ ಬಿದ್ದು ಮರ, ಸಾಮಾನು, ಆ ಸಂಗ್ರಹದ ಬಹುಭಾಗ ಸುಟ್ಟುಹೋಯಿತು. ಆಗ ಅವನಿಗೆ 77 ವರ್ಷ. ನಾಲ್ವರು ಗಂಡುಮಕ್ಕಳೂ ಅದೇ ಕಸುಬಿನಲ್ಲಿದ್ದರು.

ಇವನ ಕೆಲಸಕ್ಕೆ ಸಹಿ ಇಲ್ಲ. ಪ್ಯಾರಿಸ್‌ನ ಪೀಠೋಪಕರಣಗಳ ಮೇಲೆ ಮಾಡಿದವನ ಹೆಸರಿನ ಮುದ್ರೆ ಒತ್ತಬೇಕು ಎಂಬ ನಿಯಮ ಬಂದದ್ದು 1740ರ ದಶಕದಲ್ಲಿ, ಅವನು ಸತ್ತ ಮೇಲೆ. ಯಾವುದು ಬೂಲ್‌ನದ್ದು ಎಂದು ಮ್ಯೂಸಿಯಂನವರೂ ಹಳೇ ಲೆಕ್ಕಪತ್ರ, ಶೈಲಿ ನೋಡಿ ‘ಅವನದ್ದಿರಬೇಕು’ ಎಂದೇ ಬರೆಯುತ್ತಾರೆ. ಸಂತೆಯಲ್ಲಿ ಯಾರಾದರೂ ‘ಸಾಕ್ಷಾತ್ ಬೂಲ್ ಮಾಡಿದ್ದು’ ಅಂದರೆ ನಕ್ಕು ಮುಂದೆ ಹೋಗಬಹುದು.

## ಪೆಟ್ಟಿಗೆಗಳ ಕಾಲ

ಬೂಲ್ ಕಾಲದಲ್ಲಿ ಇದು ಅರಮನೆಯವರ ವಸ್ತು. ಬೀರು, ಮೇಜು, ಗಡಿಯಾರ, ಒಡವೆಯ ದೊಡ್ಡ ಸಂದೂಕ. ನಡುಮನೆಯ ಮೇಜಿನ ಮೇಲೆ ಇಡುವ ಸಣ್ಣ ಪೆಟ್ಟಿಗೆಗಳ ಸುಗ್ಗಿ ಬಂದದ್ದು ಆಮೇಲೆ. ಫ್ರಾನ್ಸಿನ ಕ್ರಾಂತಿಯ ನಂತರ ಅರಮನೆಯ ಸಾಮಾನು ಹರಾಜಾದವು. ಇಂಗ್ಲೆಂಡಿನ ಶ್ರೀಮಂತರು ಹಡಗಿನಲ್ಲಿ ಹೇರಿಕೊಂಡು ಹೋದರು. ಹಳೆಯದು ಸಿಗದವರಿಗೆ ಹೊಸದು ಮಾಡಿಕೊಡಲು ಲೂಯಿ ಲ ಗೆನ್ಯೂರ್ ಎಂಬ ಫ್ರೆಂಚಿನವನು 1815ರ ಸುಮಾರಿಗೆ ಲಂಡನ್ನಿನ ಎಡ್ಜ್‌ವೇರ್ ರಸ್ತೆಯ ಹತ್ತಿರ ಕಾರ್ಖಾನೆಯನ್ನೇ ತೆರೆದ.

ನಂತರ ಫ್ರಾನ್ಸಿನಲ್ಲಿ ಮೂರನೇ ನೆಪೋಲಿಯನ್, 1852ರಿಂದ 1870. ಕೈಯಲ್ಲಿ ಕಾಸಿದ್ದ ಹೊಸ ವ್ಯಾಪಾರಿ ಮನೆತನಗಳಿಗೆ ಹಳೇ ರಾಜವೈಭವ ಬೇಕಾಗಿತ್ತು. ಕೈಗವಸಿನ ಪೆಟ್ಟಿಗೆ, ಚಹಾಪುಡಿಯ ಪೆಟ್ಟಿಗೆ, ಇಸ್ಪೀಟು ಪೆಟ್ಟಿಗೆ, ಕಾಗದಪತ್ರದ ಪೆಟ್ಟಿಗೆ, ಮುಚ್ಚಳ ತೆಗೆದರೆ ಒಳಗೆ ಸಣ್ಣ ಸಣ್ಣ ಗಾಜಿನ ಲೋಟಗಳಿರುವ ಮದ್ಯದ ಪೆಟ್ಟಿಗೆ. ಚಹಾಪುಡಿಯದ್ದಕ್ಕೆ ಬೀಗ ಬೇರೆ, ಚಹಾ ಆಗ ಅಷ್ಟು ದುಬಾರಿ. ಪ್ಯಾರಿಸಿನ ತಹಾನ್ ಎಂಬ ಅಂಗಡಿ ಚಕ್ರವರ್ತಿಗೇ ಪೆಟ್ಟಿಗೆ ಕೊಡುತ್ತಿತ್ತು. ಬೀಗದ ತಗಡಿನ ಮೇಲೆ ಆ ಹೆಸರು ಕಂಡರೆ ಇವತ್ತೂ ಬೆಲೆ ಏರುತ್ತದೆ.

ನಮ್ಮ ದೇಶದ ಆಮೆಚಿಪ್ಪಿನ ಪೆಟ್ಟಿಗೆಗಳೂ ಲಂಡನ್ನಿನ ಅಂಗಡಿಗಳಲ್ಲಿ ಸಿಗುತ್ತವೆ. ಅವು ವಿಶಾಖಪಟ್ಟಣದವು. ಗಂಧದ ಮರದ ಪೆಟ್ಟಿಗೆಗೆ ಆನೆದಂತ, ಚಿಪ್ಪು, ಕೊಂಬಿನ ಹೊದಿಕೆ ಹಾಕಿ ಈಸ್ಟ್ ಇಂಡಿಯಾ ಕಂಪನಿಯ ಸಾಹೇಬರಿಗೆ ಮಾಡುತ್ತಿದ್ದದ್ದು. ಅವುಗಳಲ್ಲಿ ಹಿತ್ತಾಳೆಯ ಬಳ್ಳಿ ಇರುವುದಿಲ್ಲ. ದಂತದ ಮೇಲೆ ಗೀರಿ ಅರಗು ತುಂಬಿದ ಕಪ್ಪು ಚಿತ್ರ ಇರುತ್ತದೆ. ಮುಚ್ಚಳ ತೆಗೆದರೆ ಕೆಲವೊಮ್ಮೆ ಈಗಲೂ ಗಂಧದ ವಾಸನೆ.

## ಹಿತ್ತಾಳೆ ಯಾಕೆ ಏಳುತ್ತದೆ

ಮಲೆನಾಡಿನ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಷಾಢದಲ್ಲಿ ಬಚ್ಚಲಿನ ಬಾಗಿಲು ಹಾಕಿದರೆ ತೆಗೆಯಲು ಆಗುವುದಿಲ್ಲ, ಬೇಸಿಗೆಯಲ್ಲಿ ಅದೇ ಬಾಗಿಲಿನ ಸಂದಿಯಲ್ಲಿ ಬೆಳಕು ಬರುತ್ತದೆ. ಮರ ತೇವ ಕುಡಿದು ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಅದೂ ಎಲ್ಲಾ ಕಡೆ ಒಂದೇ ಸಮ ಅಲ್ಲ. ನಾರಿನ ಉದ್ದಕ್ಕೆ ಬಹಳ ಕಮ್ಮಿ, ಅಡ್ಡಕ್ಕೆ ಜಾಸ್ತಿ.

ಹಿತ್ತಾಳೆಗೆ ತೇವದ ಗೊಡವೆ ಇಲ್ಲ. ಅದು ಹಿಗ್ಗುವುದು ಬಿಸಿಗೆ. ಒಂದು ಅಡಿ ಉದ್ದದ ಹಿತ್ತಾಳೆ ಪಟ್ಟಿ 10 ಡಿಗ್ರಿ ಬಿಸಿ ಏರಿದರೆ ಕೂದಲೆಳೆಯಷ್ಟು, ಸುಮಾರು 0.06 ಮಿಲಿಮೀಟರ್ ಉದ್ದವಾಗುತ್ತದೆ. ಅದರ ಕೆಳಗಿನ ಮರದ ಆಟ ಮಿಲಿಮೀಟರಿನ ಲೆಕ್ಕದಲ್ಲಿ. ಚಿಪ್ಪಿಗೆ ಅದರದ್ದೇ ಮೂರನೇ ತಾಳ, ವರ್ಷ ಕಳೆದಂತೆ ಒಣಗಿ ಮುರುಟಿಕೊಳ್ಳುತ್ತದೆ. ಒಬ್ಬರ ಜೊತೆ ಒಬ್ಬರು ಹೆಜ್ಜೆ ಹಾಕದ ಮೂವರನ್ನು ಹಿಡಿದಿಟ್ಟಿರುವುದು ಸರೇಸು. 150 ವರ್ಷಕ್ಕೆ ಅದೂ ಒಣಗಿ ಪುಡಿಪುಡಿ.

ಲಂಡನ್ನಿನ ಮನೆಗಳಲ್ಲಿ ಚಳಿಗಾಲ ಪೂರ್ತಿ ಹೀಟರ್ ಉರಿಯುತ್ತದೆ, ಒಳಗಿನ ಗಾಳಿ ಒಣಗಿರುತ್ತದೆ. ಮರ ಕುಗ್ಗಿತು, ಹಿತ್ತಾಳೆ ಕುಗ್ಗಲಿಲ್ಲ. ಜಾಗ ಸಾಲದ ತಗಡು ಎಲ್ಲಿಗೆ ಹೋಗಬೇಕು? ಮೇಲಕ್ಕೆ. ಮೊದಲು ಏಳುವುದು ಬಳ್ಳಿಯ ತುದಿ, ಪೆಟ್ಟಿಗೆಯ ಮೂಲೆ.

## ಅಸಲಿಯೋ ನಕಲಿಯೋ

ಬಿಸಿ ಸೂಜಿ ಚುಚ್ಚಿ ವಾಸನೆ ನೋಡಿ ಅಂತ ಕೆಲವರು ಹೇಳಿಕೊಡುತ್ತಾರೆ. ಕೂದಲು ಸುಟ್ಟ ವಾಸನೆ ಬಂದರೆ ಚಿಪ್ಪು ಎಂಬುದು ಸರಿಯೇ, ಕೆರಾಟಿನ್ ತಾನೇ. ಆದರೆ ದನದ ಕೊಂಬೂ ಕೆರಾಟಿನ್ನೇ, ಅದೂ ಹಾಗೇ ನಾರುತ್ತದೆ. ನಿಮಗೆ ಸಿಗುವುದು ಒಂದು ತೂತು ಮಾತ್ರ.

ಭೂತಗನ್ನಡಿ ಸಾಕು. ಅಸಲಿ ಚಿಪ್ಪಿನ ಕಪ್ಪು ಮಚ್ಚೆಯ ಅಂಚನ್ನು ಹತ್ತಿರದಿಂದ ನೋಡಿದರೆ ಸಣ್ಣ ಸಣ್ಣ ಚುಕ್ಕೆಗಳು ಕಾಣುತ್ತವೆ, ಹಳೇ ಪತ್ರಿಕೆಯ ಫೋಟೊದಲ್ಲಿ ಇದ್ದಂತೆ. ಪ್ಲಾಸ್ಟಿಕ್‌ನಲ್ಲಿ ಬಣ್ಣ ಹಾಲಿಗೆ ಡಿಕಾಕ್ಷನ್ ಸುರಿದಂತೆ ಎಳೆಎಳೆಯಾಗಿ ಹರಿದಿರುತ್ತದೆ. ಕೊಂಬಿನಲ್ಲಿ ನಾರಿನ ಗೆರೆ ಇರುತ್ತದೆ. ನಕಲಿಯ ಮೊದಲ ದೊಡ್ಡ ವಸ್ತು ಸೆಲ್ಯುಲಾಯ್ಡ್, 1869ರ ಸುಮಾರಿಗೆ ಅಮೆರಿಕದಲ್ಲಿ ಬಂದದ್ದು. ಬೆರಳಿನಿಂದ ಗಟ್ಟಿಯಾಗಿ ಉಜ್ಜಿದರೆ ಕರ್ಪೂರದ ವಾಸನೆ ಬರಬಹುದು, ಯಾಕೆಂದರೆ ಅದರಲ್ಲಿ ಕರ್ಪೂರ ಇದೆ.

ಹಿತ್ತಾಳೆಯನ್ನೂ ನೋಡಿ. ಗೀರಿನ ಗೆರೆಗಳು ಇವೆಯಾ? ಪೂರ್ತಿ ಸವೆದು ಬೋಳಾಗಿದ್ದರೆ ಯಾರೋ ಜಾಸ್ತಿ ಪಾಲಿಶ್ ಮಾಡಿದ್ದಾರೆ, ಇಲ್ಲವೇ ಅಗ್ಗದ ಕೆಲಸ. ಬಳ್ಳಿಯ ಸುತ್ತ ಗರಗಸ ಹೋದ ಸಣ್ಣ ಕಪ್ಪು ಗೆರೆ ಕಾಣಬೇಕು. ಗೆರೆಯೇ ಇಲ್ಲದೆ ಎಲ್ಲಾ ಒಂದೇ ಮೈಯಾಗಿದ್ದರೆ ಅದು ಅಚ್ಚುಹಾಕಿದ ಹಾಳೆ.

## ಗಡಿ ದಾಟುವ ಪ್ರಶ್ನೆ

ಈಗ ಸೂಟ್‌ಕೇಸಿನ ವಿಷಯ. ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಸೈಟಿಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದ ಇದೆ, 1975ರಿಂದ ಜಾರಿಯಲ್ಲಿದೆ. ಹಾಕ್ಸ್‌ಬಿಲ್ ಅದರ ಅತಿ ಬಿಗಿಯಾದ ಮೊದಲ ಪಟ್ಟಿಯಲ್ಲಿದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲಿನಲ್ಲಿದೆ. ಹುಲಿ, ಆನೆ ಇರುವ ಪಟ್ಟಿ ಅದು.

ಜನ ತಪ್ಪು ತಿಳಿಯುವುದು ಇಲ್ಲೇ. ‘ಲಂಡನ್ ಅಂಗಡಿಯಲ್ಲಿ ರಾಜಾರೋಷವಾಗಿ ಮಾರ್ತಾರೆ, ಬಿಲ್ಲೂ ಕೊಡ್ತಾರೆ, ಮತ್ತೇನು?’ ಬ್ರಿಟನ್‌ನಲ್ಲಿ 1947ಕ್ಕೂ ಮೊದಲು ಕೆತ್ತಿ ಮಾಡಿದ ಹಳೇ ವಸ್ತುಗಳಿಗೆ ದೇಶದೊಳಗೆ ಮಾರಲು ವಿನಾಯಿತಿ ಇದೆ. ಆ ವಿನಾಯಿತಿ ವಿಮಾನ ಹತ್ತುವುದಿಲ್ಲ. ದೇಶದಿಂದ ಆಚೆ ತರಬೇಕಾದರೆ, ಇದು ಒಪ್ಪಂದಕ್ಕೂ ಮುಂಚಿನದು ಎಂಬ ಪ್ರಮಾಣಪತ್ರ ಅಲ್ಲಿನ ಅಧಿಕಾರಿಗಳಿಂದ ಬೇಕು. ಇಲ್ಲಿ ಇಳಿದ ಮೇಲೆ ನಮ್ಮ ಕಾನೂನು ಬೇರೆ. ಮೊದಲ ಷೆಡ್ಯೂಲಿನ ಪ್ರಾಣಿಯಿಂದ ಮಾಡಿದ್ದನ್ನು ಮಾರುವುದು ಅಪರಾಧ, ಇಟ್ಟುಕೊಳ್ಳಲೂ ಕಾಗದಪತ್ರ ಬೇಕು. ಪೆಟ್ಟಿಗೆಗೆ 150 ವರ್ಷ ಆಗಿದೆ ಎನ್ನುವುದನ್ನು ಏರ್‌ಪೋರ್ಟಿನಲ್ಲಿ ಬಾಯಿಮಾತಿನಲ್ಲಿ ಒಪ್ಪಿಸಲು ಆಗುವುದಿಲ್ಲ. ತರಲೇಬೇಕು ಎಂದರೆ ಮೊದಲು ಎರಡೂ ಕಡೆಯ ವನ್ಯಜೀವಿ ಇಲಾಖೆಗೆ ಬರೆದು ಕೇಳಿ, ಲಿಖಿತ ಉತ್ತರ ಬಂದ ಮೇಲೆ ಟಿಕೆಟ್ ಮಾಡುವುದು ಒಳ್ಳೆಯದು. ಒಂದು ಬಳೆ ಪೆಟ್ಟಿಗೆಗೆ ಇಷ್ಟು ಓಡಾಟ ಬೇಕಾ ಎನ್ನುವುದು ನಿಮಗೆ ಬಿಟ್ಟದ್ದು.

## ಮನೆಯಲ್ಲಿದ್ದರೆ ಏನು ಮಾಡಬೇಕು

ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಇದನ್ನು ಮೊದಲು ಹೇಳುತ್ತಿದ್ದೇನೆ, ಯಾಕೆಂದರೆ ಹಿತ್ತಾಳೆ ಕಂಡರೆ ನಮ್ಮ ಕೈ ಹೋಗುವುದೇ ಅಲ್ಲಿಗೆ. ದೀಪದ ಕಂಬಕ್ಕೆ ಅದು ಸರಿ. ಇಲ್ಲಿ ಹುಳಿನೀರು ಸಂದಿಗೆ ಇಳಿದರೆ ಸರೇಸು ಕರಗುತ್ತದೆ, ಮರ ಉಬ್ಬುತ್ತದೆ. ಡಬ್ಬಿಯಲ್ಲಿ ಬರುವ ಪಾಲಿಶ್ ಕೂಡ ಬೇಡ. ಅದು ಗೀರಿನ ಗೆರೆ ಸವೆಸುತ್ತದೆ, ಸಂದಿಯಲ್ಲಿ ಬಿಳಿ ಪುಡಿ ಉಳಿಸುತ್ತದೆ. ಮೆತ್ತನೆ ಒಣ ಬ್ರಷ್‌ನಲ್ಲಿ ಧೂಳು ಹೊಡೆದರೆ ಸಾಕು. ಬಟ್ಟೆಯೂ ಬೇಡ, ಎದ್ದ ತುದಿಗೆ ಎಳೆ ಸಿಕ್ಕಿಕೊಂಡರೆ ತಗಡು ಕಿತ್ತು ಬರುತ್ತದೆ. ಬಿಸಿಲು ಬೀಳುವ ಕಿಟಕಿ, ಹೀಟರ್, ಟಿವಿಯ ಮೇಲೆ ಇಡಬೇಡಿ.

ಫೆವಿಕ್ವಿಕ್‌ನಂಥ ಅಂಟು ಹಾಕಿದರೆ ಆ ಕ್ಷಣಕ್ಕೆ ಕೂರುತ್ತದೆ. ಮುಂದಿನ ಚಳಿಗಾಲದಲ್ಲಿ ಮತ್ತೆ ಏಳುತ್ತದೆ, ಆಗ ಅದನ್ನು ಬಿಡಿಸಿ ಕ್ಲೀನ್ ಮಾಡಲು ಯಾರಿಗೂ ಆಗುವುದಿಲ್ಲ. ರಿಪೇರಿ ಬಲ್ಲವರು ಹಳೇ ಸರೇಸನ್ನು ತೆಗೆದು ಮತ್ತೆ ಮೀನಿನ ಅಥವಾ ಚರ್ಮದ ಸರೇಸನ್ನೇ ಹಾಕುತ್ತಾರೆ. ಬೇಕಾದಾಗ ಬಿಸಿಗೆ, ತೇವಕ್ಕೆ ಬಿಡಿಸಬಹುದು ಎನ್ನುವುದೇ ಅದರ ಗುಣ. ಪ್ಯಾರಿಸ್‌ನಲ್ಲಿ 1886ರಲ್ಲಿ ಶುರುವಾದ, ಬೂಲ್‌ನ ಹೆಸರನ್ನೇ ಇಟ್ಟುಕೊಂಡಿರುವ ಶಾಲೆಯಲ್ಲಿ ಮರದ ಕಸುಬುಗಳನ್ನು ಈಗಲೂ ಕಲಿಸುತ್ತಾರೆ.

ಕೊನೆಯದಾಗಿ, ಎದ್ದ ಹಿತ್ತಾಳೆಯನ್ನು ಬೆರಳಿನಿಂದ ಒತ್ತಬೇಡಿ. ಕೆಳಗೆ ಉದುರಿದ ಸರೇಸಿನ ಹರಳು ಕೂತಿರುತ್ತದೆ. ಒತ್ತಿದರೆ ತಗಡು ಆ ಹರಳಿನ ಮೇಲೆ ಮಡಚಿಕೊಳ್ಳುತ್ತದೆ. ಮಡಿಕೆ ಒಮ್ಮೆ ಬಿದ್ದರೆ ಪೂರ್ತಿ ನೇರ ಆಗುವುದಿಲ್ಲ.

ಇದನ್ನೆಲ್ಲಾ ಉದ್ದಕ್ಕೆ ಟೈಪ್ ಮಾಡಿ ತಂಗಿಗೆ ಕಳಿಸಿದೆ. ನೀಲಿ ಟಿಕ್ ಬಂತು. ಸ್ವಲ್ಪ ಹೊತ್ತು ‘ಟೈಪಿಂಗ್’ ಅಂತ ತೋರಿಸಿತು, ನಿಂತಿತು, ಮತ್ತೆ ತೋರಿಸಿತು. ಆಮೇಲೆ ಉತ್ತರ ಬಂತು:

‘ಅಯ್ಯೋ ಅಕ್ಕಾ, ನೆನ್ನೆನೇ ಒತ್ತಿಬಿಟ್ಟೆ.’